ಪೋಸ್ಟ್‌ಕಾರ್ಡಿನಲ್ಲಿರುವ ಊರು ಮ್ಯಾಪಿನಲ್ಲಿಲ್ಲ, ಅಲ್ಲಿ ಬರೀ ನೀರು ಕಾಣುತ್ತಿದೆ. ಇದು ಯಾವ ಊರು?

ಮ್ಯಾಪ್ ಸರಿಯಾಗಿಯೇ ಇದೆ. ನಿಮ್ಮ ಕಾರ್ಡಿನ ಊರು ಆ ನೀರಿನ ಅಡಿಯಲ್ಲಿದೆ.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ದಾನ ಬಂದ ಹಳೆಯ ಸಾಮಾನು ಮಾರುವ ಚ್ಯಾರಿಟಿ ಅಂಗಡಿಯ ರಟ್ಟಿನ ಪೆಟ್ಟಿಗೆಯಲ್ಲಿ ಈ ಕಾರ್ಡ್ ಸಿಕ್ಕಿತು ಅಂದಿದ್ದೀರಿ. ಮುಂದೆ ಒಂದು ಡೊಂಕು ಕಲ್ಲುಸೇತುವೆ, ಹಿಂದೆ ದೊಡ್ಡ ಮನೆ, ಕೆಳಗೆ ‘ಡರ್ವೆಂಟ್’ ಎಂಬ ಹೆಸರು, ಹಿಂಬದಿಯಲ್ಲಿ ಗಡ್ಡದ ರಾಜನ ಹಸಿರು ಅರ್ಧ ಪೆನ್ನಿ ಸ್ಟ್ಯಾಂಪು, ಓದಲಾಗದ ನಾಲ್ಕು ಸಾಲು. ಇದು ಡರ್ಬಿಶೈರ್‌ನ ಡರ್ವೆಂಟ್ ಹಳ್ಳಿ. ಶೆಫೀಲ್ಡ್‌ನಿಂದ ಎ57 ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಲೇಡಿಬವರ್ ಎಂಬ ದೊಡ್ಡ ಜಲಾಶಯ ಸಿಗುತ್ತದೆ. ಡರ್ವೆಂಟ್ ಮತ್ತು ಅದರ ಕೆಳಗಿನ ಆಷಪ್‌ಟನ್ ಎರಡೂ ಮುಳುಗಡೆಯಾದದ್ದು ಅದರಲ್ಲೇ. ಎ57 ಈಗ ನೀರು ದಾಟುವ ಸೇತುವೆಗೆ ‘ಆಷಪ್‌ಟನ್ ವಯಾಡಕ್ಟ್’ ಎಂದೇ ಹೆಸರು. ಊರು ಹೋಯಿತು, ಹೆಸರು ಸೇತುವೆಯ ಪಾಲಿಗೆ ಬಂತು.

ಶೆಫೀಲ್ಡ್, ಡರ್ಬಿ, ನಾಟಿಂಗ್‌ಹ್ಯಾಮ್, ಲೆಸ್ಟರ್ ನಗರಗಳಿಗೆ ಕುಡಿಯುವ ನೀರು ಬೇಕಿತ್ತು. ಅದಕ್ಕೆಂದು ಮೊದಲು ಈ ಕಣಿವೆಯ ಮೇಲ್ಭಾಗದಲ್ಲಿ ಹೌಡೆನ್, ಡರ್ವೆಂಟ್ ಎಂಬ ಎರಡು ಕಲ್ಲಿನ ಅಣೆಕಟ್ಟು ಎದ್ದವು. ಅವು ಸಾಲದೆ 1935ರಲ್ಲಿ ಲೇಡಿಬವರ್ ಕೆಲಸ ಶುರುವಾಯಿತು. 1943ರ ಮಾರ್ಚ್ 17ರಂದು ಡರ್ವೆಂಟ್ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಆಮೇಲೆ ಜಲಾಶಯ ತುಂಬಲು ಎರಡು ವರ್ಷ ಹಿಡಿಯಿತು. 1945ರ ಸೆಪ್ಟೆಂಬರ್‌ನಲ್ಲಿ ಆರನೇ ಜಾರ್ಜ್ ದೊರೆ ಬಂದು ಉದ್ಘಾಟಿಸಿದ. ಚರ್ಚ್ ಅಂಗಳದ ಹೆಣಗಳನ್ನು ಅಗೆದು ತೆಗೆದು ಪಕ್ಕದ ಬ್ಯಾಮ್‌ಫರ್ಡ್ ಊರಿನಲ್ಲಿ ಮತ್ತೆ ಹೂತರು. ಬದುಕಿದ್ದವರಲ್ಲಿ ಹಲವರಿಗೆ ಅಣೆಕಟ್ಟಿನ ಬುಡದಲ್ಲೇ ‘ಯಾರ್ಕ್‌ಶೈರ್ ಬ್ರಿಜ್’ ಎಂಬ ಹೊಸ ಮನೆಗಳ ಸಾಲು ಕಟ್ಟಿಸಿಕೊಟ್ಟರು. ತಮ್ಮ ಊರನ್ನು ಮುಳುಗಿಸಿದ ಗೋಡೆಯ ನೆರಳಲ್ಲೇ ಅವರ ಮುಂದಿನ ಸಂಸಾರ.

ನಿಮ್ಮ ಕಾರ್ಡಿನ ಹಿಂದಿನ ಮನೆ ಡರ್ವೆಂಟ್ ಹಾಲ್, 1672ರದ್ದು. ಕೊನೆಕೊನೆಗೆ ಯೂತ್ ಹಾಸ್ಟೆಲ್ ಆಗಿತ್ತು, ಆಮೇಲೆ ಕೆಡವಿದರು. ಮುಂದಿನ ಸೇತುವೆಯನ್ನು ಮಾತ್ರ ಇವತ್ತಿಗೂ ನೀವು ದಾಟಬಹುದು! ಅದು ಹೇರುಕುದುರೆಗಳ ಕಾಲದ್ದು. ಕುದುರೆಯ ಎರಡೂ ಪಕ್ಕ ತೂಗುವ ಮೂಟೆ ತಾಗದಿರಲೆಂದು ಇಂಥ ಸೇತುವೆಗಳಿಗೆ ತಡೆಗೋಡೆಯನ್ನು ತೀರಾ ಗಿಡ್ಡ ಇಡುತ್ತಿದ್ದರು, ಅಗಲವೂ ಒಂದು ಕುದುರೆಗೆ ಸಾಕಾಗುವಷ್ಟೇ. ನೀರು ಏರುವ ಮೊದಲು ಇದನ್ನು ಕಲ್ಲುಕಲ್ಲಾಗಿ ಬಿಚ್ಚಿ ಎತ್ತಿಟ್ಟರು. 1959ರಲ್ಲಿ ಹೌಡೆನ್ ಜಲಾಶಯದ ತಲೆಯ ಹತ್ತಿರ, ‘ಸ್ಲಿಪರಿ ಸ್ಟೋನ್ಸ್’ ಎಂಬಲ್ಲಿ ಮತ್ತೆ ಜೋಡಿಸಿದರು. ಕಾರ್ಡನ್ನು ಕೈಯಲ್ಲಿ ಹಿಡಿದು ಅಲ್ಲಿಗೆ ಹೋಗಿ. ಕಮಾನು ಅದೇ, ಹಿಂದಿನ ಮನೆ ಇಲ್ಲ, ಗುಡ್ಡವೂ ಬೇರೆ.

ಇನ್ನೊಂದು ಮಾತು. ನೀರು ಇಳಿದಾಗ ಚರ್ಚಿನ ಗೋಪುರ ಕಾಣುತ್ತದೆ, ರಾತ್ರಿ ಗಂಟೆ ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಗೋಪುರವನ್ನು ನೆನಪಿಗೆಂದು ಉಳಿಸಿದ್ದು ನಿಜ, ಅದು ನೀರಿನ ಮೇಲೆ ತಲೆ ಎತ್ತಿ ನಿಂತಿರುವ ಫೋಟೋಗಳೂ ಇವೆ. ಜನ ಅದರವರೆಗೆ ಈಜಿ ಹೋಗಲು ಶುರುಮಾಡಿದ್ದರಿಂದ ಅಪಾಯವೆಂದು 1947ರ ಡಿಸೆಂಬರ್‌ನಲ್ಲಿ ಸಿಡಿಮದ್ದು ಇಟ್ಟು ಉರುಳಿಸಿದರು. ಗಂಟೆಯನ್ನು ಡರ್ಬಿಯ ಚಾಡ್ಸ್‌ಡನ್ ಬಡಾವಣೆಯ ಒಂದು ಚರ್ಚಿಗೆ ಕೊಟ್ಟಾಗಿದೆ. ನೀರೊಳಗೆ ಬಾರಿಸಲು ಏನೂ ಉಳಿದಿಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಾನು ಶರಾವತಿ ಮುಳುಗಡೆಯವರ ಮನೆಯವನು. ಅಜ್ಜಿಯ ಮನೆ, ತೋಟ, ಕೊಟ್ಟಿಗೆ ಎಲ್ಲ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಹೋಯಿತು. 1964ರಲ್ಲಿ ಆ ಅಣೆಕಟ್ಟು ಮುಗಿಯುವಾಗ ನನ್ನಪ್ಪನಿಗೆ ಎಂಟು ವರ್ಷ. 2022ರ ಬೇಸಿಗೆಯಲ್ಲಿ ಇಲ್ಲಿ ಬರ ಬಿದ್ದು ಲೇಡಿಬವರ್ ಬತ್ತಿತು, ಡರ್ವೆಂಟ್ ಹಾಲ್‌ನ ಬುನಾದಿ ಮೇಲೆ ಬಂದಿದೆ ಎಂದು ಆಫೀಸಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಶನಿವಾರ ಬುತ್ತಿ ಕಟ್ಟಿಕೊಂಡು ಹೋದೆ. ಒಡೆದ ಮಣ್ಣು, ಮೊಣಕಾಲೆತ್ತರದ ಕಲ್ಲುಗೋಡೆ, ಬಾಗಿಲಿದ್ದ ಜಾಗ. ನಮ್ಮ ಕಡೆ ಬೇಸಿಗೆಯಲ್ಲಿ ಮಡೆನೂರು ಅಣೆಕಟ್ಟು ಮೇಲೆ ಬಂದಾಗ ಹೀಗೇ ಜನ ನೋಡಲು ಹೋಗುತ್ತಾರೆ. 1948ರಲ್ಲಿ ಕಟ್ಟಿದ ಅಣೆಕಟ್ಟು ಅದು, ಲಿಂಗನಮಕ್ಕಿ ಬಂದು ಅದನ್ನೂ ನುಂಗಿತು.

ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಪ್ಲಾಸ್ಟಿಕ್ ಫೋಲ್ಡರ್ ಹಿಡಿದು ನಿಂತಿದ್ದರು. ಒಳಗೆ ಹಳೆಯ ಕಾರ್ಡುಗಳ ನಕಲು. ಒಂದೊಂದನ್ನೇ ಎತ್ತಿ ಗೋಡೆಗೆ ಎದುರಾಗಿ ಹಿಡಿದು, ‘ಇದು ಗೇಟು, ಇದು ಅಡುಗೆಮನೆ ಕಡೆ’ ಎಂದು ಹೊಂದಿಸುತ್ತಿದ್ದರು. ಅವರ ತಾಯಿ ಆ ಕಣಿವೆಯಲ್ಲಿ ಹುಟ್ಟಿದವರಂತೆ. ನಮ್ಮೂರೂ ನೀರಲ್ಲಿ ಹೋಯಿತು ಅಂದೆ. ‘ಫೋಟೋ ಇದೆಯಾ?’ ಎಂದು ಕೇಳಿದರು. ನನ್ನ ಅಜ್ಜಿಯ ಒಂದೇ ಒಂದು ಹಳೆಯ ಫೋಟೋ ಇರುವುದು, ಸಾಗರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಬಣ್ಣ ಬಳಿದ ಪರದೆ, ಪರದೆಯ ಮೇಲೆ ಯಾವುದೋ ಊರಿನ ಅರಮನೆ. ಅಜ್ಜಿಯ ಮನೆ ಹೇಗಿತ್ತು ಎಂದು ತೋರಿಸುವ ಒಂದು ಚೂರೂ ಇಲ್ಲ.

ಅಂದಿನಿಂದ ನನಗೊಂದು ಹುಚ್ಚು ಹಿಡಿಯಿತು. ಇವರ ಪ್ರತಿ ಕುಗ್ರಾಮದ ಸೇತುವೆಗೂ ಫೋಟೋ ಇದೆಯಲ್ಲ, ಯಾರು ತೆಗೆದರು, ಯಾಕೆ? ಊರಿನ ಮೇಲಿನ ಪ್ರೀತಿ ಎಂದುಕೊಂಡಿದ್ದೆ. ಹುಡುಕಿದಷ್ಟೂ ಸಿಕ್ಕಿದ್ದು ವ್ಯಾಪಾರ. ರೈಲು ಬಂತು, ರಜೆ ಬಂತು, ಪ್ರವಾಸ ಹೋದವರಿಗೆ ಮನೆಗೆ ಒಯ್ಯಲು ಏನಾದರೂ ಬೇಕಾಯಿತು. ಅದನ್ನು ಚೆನ್ನಾಗಿ ಅರಿತವನು ಫ್ರಾನ್ಸಿಸ್ ಫ್ರಿತ್. ನಿಮಗೆ ಹತ್ತಿರದ ಚೆಸ್ಟರ್‌ಫೀಲ್ಡ್‌ನಲ್ಲೇ 1822ರಲ್ಲಿ ಹುಟ್ಟಿದವನು, ಕ್ವೇಕರ್ ಎಂಬ ಕ್ರೈಸ್ತ ಪಂಥದವನು. ಲಿವರ್‌ಪೂಲ್‌ನಲ್ಲಿ ದಿನಸಿ ವ್ಯಾಪಾರ ಮಾಡಿ, ಅದನ್ನು ಮಾರಿ, ಬಂದ ದುಡ್ಡಿನಲ್ಲಿ ಈಜಿಪ್ಟ್, ಪ್ಯಾಲೆಸ್ತೀನ್‌ಗಳಿಗೆ ಕ್ಯಾಮೆರಾ ಹೊತ್ತುಕೊಂಡು ಹೋದ. ಆಗ ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವ ಸವರಿ, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕಿತ್ತು. ಮರಳುಗಾಡಿನ ಸೆಕೆಯಲ್ಲಿ, ಮುಚ್ಚಿದ ಡೇರೆಯೊಳಗೆ ಆ ಕೆಲಸ ಮಾಡಿ ಬಂದವನಿಗೆ ಇಂಗ್ಲೆಂಡಿನ ಮಳೆ ಯಾವ ಲೆಕ್ಕ! 1860ರ ಹೊತ್ತಿಗೆ ಸರ್ರಿಯ ರೈಗೇಟ್‌ನಲ್ಲಿ ಕಂಪನಿ ತೆರೆದು, ಬ್ರಿಟನ್ನಿನ ಪ್ರತಿ ಪಟ್ಟಣ, ಹಳ್ಳಿಯ ಚಿತ್ರ ತೆಗೆಯಬೇಕೆಂದು ಹೊರಟ. 1898ರಲ್ಲಿ ಆತ ತೀರಿಕೊಂಡ ಮೇಲೂ ಮನೆಯವರು ಮುಂದುವರಿಸಿದರು, 1970ರವರೆಗೂ ಕಂಪನಿಯ ಕ್ಯಾಮೆರಾ ಓಡಾಡುತ್ತಲೇ ಇತ್ತು. ಸುಮಾರು 7,000 ಊರುಗಳು, 3 ಲಕ್ಷಕ್ಕೂ ಹೆಚ್ಚು ಚಿತ್ರಗಳು.

ಕಂಪನಿ ಮುಚ್ಚಿದಾಗ ಇದೆಲ್ಲ ಕಸದ ಪಾಲಾಗುವುದರಲ್ಲಿತ್ತು. ಛಾಯಾಗ್ರಹಣದ ಇತಿಹಾಸಕಾರ ಬಿಲ್ ಜೇ ಓಡಾಡಿ, 1971ರಲ್ಲಿ ಅದನ್ನು ಒಂದು ಸಿಗರೇಟು ಕಂಪನಿಯಿಂದ, ರಾತ್‌ಮನ್ಸ್‌ನಿಂದ, ಕೊಳ್ಳಿಸಿದ. ಇಡೀ ದೇಶದ ಹಳ್ಳಿಗಳ ನೆನಪನ್ನು ಉಳಿಸಿದ್ದು ಹೊಗೆಸೊಪ್ಪಿನ ದುಡ್ಡು. ಈಗ ಅದೇ ಸಂಗ್ರಹ ಜಾಲತಾಣದಲ್ಲಿದೆ. ಚಿತ್ರದ ಪ್ರತಿ ಮಾರುವುದು ಅವರ ಕಸುಬು, ನೋಡುವುದಕ್ಕೆ ಕಾಸಿಲ್ಲ. ಪ್ರತಿ ಊರಿನ ಕೆಳಗೆ ಅಲ್ಲಿ ಬೆಳೆದವರು ತಮ್ಮ ನೆನಪು ಬರೆಯಬಹುದು. ನನ್ನನ್ನು ಕೇಳಿದರೆ ಚಿತ್ರಕ್ಕಿಂತ ಅದನ್ನೇ ಓದಿ. ಚಿತ್ರದಲ್ಲಿ ಒಂದು ಅಂಗಡಿ ಬಾಗಿಲು ಕಾಣುತ್ತದೆ, ಅಷ್ಟೇ. ಅಲ್ಲಿ ಯಾವ ಮಿಠಾಯಿ ಕದ್ದರು, ಮಾಲೀಕ ಯಾವ ಕಾಲು ಕುಂಟುತ್ತಿದ್ದ ಎಂಬುದು ಕೆಳಗಿನ ಬರಹದಲ್ಲಿರುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿ ಜಗಳವಾಡುವುದೂ ಉಂಟು. ನಮ್ಮ ಕಡೆ ಮದುವೆಮನೆಯಲ್ಲಿ ಊಟವಾದ ಮೇಲೆ ಮುಳುಗಡೆಗೆ ಮುಂಚಿನ ಗದ್ದೆಗಳ ಗಡಿ ಬಗ್ಗೆ ನಡೆಯುವ ವಾದ ಇದೇ ಥರದ್ದು.

ಇನ್ನು ನಿಮ್ಮ ಕಾರ್ಡಿನ ಕಾಲ. ಖಾಸಗಿಯವರು ಚಿತ್ರದ ಕಾರ್ಡ್ ಅಚ್ಚು ಹಾಕಿ ಅಂಚೆಗೆ ಹಾಕಲು ಇಲ್ಲಿ ಅನುಮತಿ ಸಿಕ್ಕಿದ್ದು 1894ರಲ್ಲಿ. ಮೊದಮೊದಲು ಒಂದು ಬದಿ ಪೂರ್ತಿ ವಿಳಾಸಕ್ಕೇ ಮೀಸಲು, ಒಕ್ಕಣೆಯನ್ನು ಚಿತ್ರದ ಅಂಚಿನಲ್ಲಿ ತುರುಕಬೇಕಿತ್ತು. 1902ರಿಂದ ಹಿಂಬದಿಯ ನಡುವೆ ಗೆರೆ ಬಂತು, ಎಡಕ್ಕೆ ಒಕ್ಕಣೆ, ಬಲಕ್ಕೆ ವಿಳಾಸ. ನಿಮ್ಮದರಲ್ಲಿ ನಾಲ್ಕು ಸಾಲು ಹಿಂಬದಿಯಲ್ಲೇ ಇರುವುದರಿಂದ ಅದು 1902ರ ಈಚಿನದು. ಕಾರ್ಡಿಗೆ ಅರ್ಧ ಪೆನ್ನಿ ಸಾಕಾಗುತ್ತಿದ್ದುದು 1918ರವರೆಗೆ, ಆಮೇಲೆ ಒಂದು ಪೆನ್ನಿ ಆಯಿತು. ಹಾಗಾಗಿ ಅಂಚೆಗೆ ಬಿದ್ದದ್ದು ಈ ಹದಿನಾರು ವರ್ಷಗಳೊಳಗೆ. ಗಡ್ಡ ನೋಡಿ ರಾಜ ಯಾರೆಂದು ಹೇಳಲಾಗದು, ಏಳನೇ ಎಡ್ವರ್ಡನಿಗೂ ಗಡ್ಡ, ಐದನೇ ಜಾರ್ಜನಿಗೂ ಗಡ್ಡ. ಭೂತಗನ್ನಡಿ ಹಿಡಿದು ಅಂಚೆ ಮುದ್ರೆ ನೋಡಿ, ಇಸವಿ ಅಲ್ಲಿರುತ್ತದೆ. ಅದು ಕಾರ್ಡ್ ಕಳಿಸಿದ ಇಸವಿ, ಫೋಟೋ ತೆಗೆದದ್ದಲ್ಲ. ಒಂದೇ ಚಿತ್ರವನ್ನು ಹತ್ತಾರು ವರ್ಷ ಮಾರುತ್ತಿದ್ದರು. ಚಿತ್ರದ ಮೂಲೆಯಲ್ಲಿ ಸಣ್ಣ ಸಂಖ್ಯೆ ಇದ್ದರೆ ಬರೆದಿಟ್ಟುಕೊಳ್ಳಿ. ಫ್ರಿತ್, ಡಂಡೀಯ ವ್ಯಾಲೆಂಟೈನ್ ಮುಂತಾದ ದೊಡ್ಡ ಕಂಪನಿಗಳ ಕಾರ್ಡಾದರೆ ಆ ಸಂಖ್ಯೆಯಿಂದ ಚಿತ್ರದ ಕಾಲ ಪತ್ತೆಹಚ್ಚಬಹುದು.

ಡರ್ವೆಂಟ್‌ನ ಬೇರೆ ಚಿತ್ರಗಳಿಗೆ ‘ಪಿಕ್ಚರ್ ದ ಪಾಸ್ಟ್’ ತಾಣ ನೋಡಿ, ಡರ್ಬಿಶೈರ್, ನಾಟಿಂಗ್‌ಹ್ಯಾಮ್‌ಶೈರ್‌ಗಳ ಸಂಗ್ರಹ ಅಲ್ಲಿದೆ. ಶೆಫೀಲ್ಡ್‌ಗೆ ‘ಪಿಕ್ಚರ್ ಶೆಫೀಲ್ಡ್’, ಅಲ್ಲಿನ ದಾಖಲೆ ಕಚೇರಿಯವರದ್ದು. ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಹಳೆಯ ಸರ್ವೆ ನಕ್ಷೆಯನ್ನೂ ಇವತ್ತಿನ ಉಪಗ್ರಹ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ಇಂಗ್ಲೆಂಡಿನ ನಕ್ಷೆಗಳೂ ಅದರಲ್ಲಿವೆ. ಡರ್ವೆಂಟ್ ಮೇಲೆ ಬಾಣ ಇಟ್ಟು ನೋಡಿ, ಎಡಗಡೆ ಚರ್ಚು, ಹೊಲ, ಕಾಲುದಾರಿ, ಬಲಗಡೆ ಬರೀ ನೀಲಿ. ನಾನು ಮೊದಲ ಸಲ ನೋಡಿದಾಗ ಒಂದು ಗಂಟೆ ಕೂತಿದ್ದೆ, ಒಲೆಯ ಮೇಲಿಟ್ಟ ಅನ್ನ ಸೀದಿತ್ತು.

ಒಂದನ್ನು ಮಾತ್ರ ಮನಸ್ಸಿನಲ್ಲಿಡಿ. ಕಾರ್ಡಿನವರು ಮಾರಾಟವಾಗುವುದನ್ನೇ ತೆಗೆದರು. ಸೇತುವೆ, ಚರ್ಚು, ಬಳ್ಳಿ ಹಬ್ಬಿದ ಮನೆ. ಬಡವರ ಓಣಿಯ ಕಾರ್ಡನ್ನು ಯಾರು ಕೊಳ್ಳುತ್ತಾರೆ? ಅಂಥ ಓಣಿಗಳ ಚಿತ್ರ ಉಳಿದಿದ್ದರೆ ಹೆಚ್ಚಾಗಿ ಅದನ್ನು ತೆಗೆಸಿದವರು ನಗರಸಭೆಯವರು, ಕೆಡವುವುದಕ್ಕೆ ಮುಂಚೆ, ಕಡತಕ್ಕೆಂದು. ಲೀಡ್ಸ್ ಗ್ರಂಥಾಲಯದ ‘ಲಿಯೋಡಿಸ್’ ತಾಣದಲ್ಲಿ ಕ್ವಾರಿ ಹಿಲ್ ಎಂದು ಹುಡುಕಿ. ಪಾಚಿಗಟ್ಟಿದ ಅಂಗಳ, ಹಗ್ಗದ ಮೇಲೆ ಬಟ್ಟೆ, ಕ್ಯಾಮೆರಾ ಕಡೆ ಗುರಾಯಿಸುವ ಮಕ್ಕಳು ಸಿಗುತ್ತಾರೆ. ಆ ಚಿತ್ರಗಳ ಕೆಳಗೂ ಜನ ಬರೆಯುತ್ತಾರೆ.

‘ನಾವು ಹೊರಗಿನವರು, ನಮಗೂ ಇದಕ್ಕೂ ಏನು ಸಂಬಂಧ’ ಎಂದು ಕೊನೆಯಲ್ಲಿ ಕೇಳಿದ್ದೀರಿ. ನಾನು 2009ರಲ್ಲಿ ಶೆಫೀಲ್ಡ್‌ಗೆ ಬಂದಾಗ ಕ್ಯಾಸಲ್ ಮಾರ್ಕೆಟ್ ಎಂಬ ಕಾಂಕ್ರೀಟಿನ ಕುರೂಪಿ ಸಂತೆಕಟ್ಟಡ ಇತ್ತು. ವಾರದ ತರಕಾರಿ, ಮೀನು ಎಲ್ಲ ಅಲ್ಲೇ. ಸಂಜೆ ಹೋದರೆ ಉಳಿದ ಟೊಮೆಟೊ ಬಟ್ಟಲುಗಟ್ಟಲೆ ಸುರಿದುಕೊಡುತ್ತಿದ್ದರು. 2013ರಲ್ಲಿ ಮುಚ್ಚಿ, ಮುಂದೆ ಕೆಡವಿದರು. ಆಮೇಲೆ ಅಡಿಯಲ್ಲಿದ್ದ ಹಳೆಯ ಕೋಟೆಯ ಅವಶೇಷ ಅಗೆದು ನೋಡಿದರು, ಸ್ಕಾಟ್‌ಲೆಂಡಿನ ರಾಣಿ ಮೇರಿಯನ್ನು ಸೆರೆ ಇಟ್ಟಿದ್ದ ಕೋಟೆ ಅದು. ಎಲ್ಲರಿಗೂ ರಾಣಿಯ ಕತೆ ಬೇಕು. ನಾನು ಆ ಸಂತೆಯ ಒಂದು ಫೋಟೋ ಕೆಳಗೆ ಟೊಮೆಟೊ ಕತೆ ಬರೆದೆ, ಇಂಗ್ಲಿಷಿನಲ್ಲಿ, ನಾಲ್ಕೇ ಸಾಲು. ವಾರದ ನಂತರ ಯಾರೋ ಉತ್ತರಿಸಿದ್ದರು, ಆ ಅಂಗಡಿ ತಮ್ಮ ಚಿಕ್ಕಪ್ಪನದ್ದು, ಬಟ್ಟಲಿನ ಅಡಿಗೆ ಕೊಳೆತದ್ದನ್ನು ಹಾಕುತ್ತಿದ್ದ, ಕ್ಷಮಿಸಿ ಎಂದು.

ಸ್ಲಿಪರಿ ಸ್ಟೋನ್ಸ್‌ಗೆ ಹೋಗುವುದಾದರೆ ಒಳ್ಳೆಯ ಬೂಟು ಹಾಕಿ, ನೀರು ಇಳಿದ ಕಾಲದಲ್ಲಿ ಜಲಾಶಯದ ಹೂಳಿಗೆ ಮಾತ್ರ ಇಳಿಯಬೇಡಿ, ಸೊಂಟದವರೆಗೆ ಹೂತವರನ್ನು ಎಳೆದು ತೆಗೆದದ್ದುಂಟು. ಕಾರ್ಡಿಗೆ ಸೆಲ್ಲೋಟೇಪ್ ಹಚ್ಚಬೇಡಿ. ಹಿಂಬದಿಯ ಆ ನಾಲ್ಕು ಸಾಲಿನ ಫೋಟೋವನ್ನು ಇಲ್ಲೇ ಹಾಕಿ, ಕಳಿಸಿದವರ, ಪಡೆದವರ ವಿಳಾಸ ಮುಚ್ಚಿ. ಆ ಕಾಲದ ಓರೆ ಅಕ್ಷರ ಓದಲು ನನಗೆ ಈಗ ಸ್ವಲ್ಪ ರೂಢಿಯಾಗಿದೆ. ದೊಡ್ಡ ಗುಟ್ಟೇನೂ ಇರಲಾರದು. ನಾನು ಈವರೆಗೆ ಓದಿದವುಗಳಲ್ಲಿ ಹೆಚ್ಚಿನವು ಇಷ್ಟೇ: ಇಲ್ಲಿ ಮಳೆ, ನಾವೆಲ್ಲ ಸೌಖ್ಯ, ನಾಳೆ ಸಂಜೆ ರೈಲಿಗೆ ಬರುತ್ತೇನೆ.