ರೇಲ್ಸ್ ಕಲಿತಾಗಿದೆ, ಇನ್ನು ಯಾವ ಟೂಲ್ ಹಾಕಿಕೊಳ್ಳಲಿ?

ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ, ಪ್ರಾಜೆಕ್ಟಿಗೆ ಇಳಕಲ್ ಸೀರೆ ಮಾರುವ ವೆಬ್‌ಸೈಟು, ಅದೂ ರೂಬಿ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟಾದ ರೂಬಿ ಆನ್ ರೇಲ್ಸ್‌ನಲ್ಲಿ. ಟ್ಯುಟೋರಿಯಲ್ ಮುಗಿದಿದೆ. ಯಾರೋ ಉದ್ದನೆಯ ಜೆಮ್ (ರೂಬಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡಿನ ಪ್ಯಾಕೇಜ್) ಪಟ್ಟಿ ಕೊಟ್ಟಿದ್ದಾರೆ, ಅದರಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ಕೇಳಿದ್ದೀರಿ.

ನಾನು ಬೆಳಗಾವಿಯಲ್ಲಿದ್ದುಕೊಂಡು ಇದೇ ಕೆಲಸ ಮಾಡುತ್ತೇನೆ. ಉದ್ಯಮಬಾಗದ ಸಣ್ಣ ಕಾರ್ಖಾನೆಗಳಿಗೆ, ರವಿವಾರ ಪೇಟೆಯ ಅಂಗಡಿಗಳಿಗೆ ಆರ್ಡರ್, ಬಿಲ್, ಸ್ಟಾಕ್ ನೋಡಿಕೊಳ್ಳುವ ಆ್ಯಪ್ ಮಾಡಿಕೊಡುತ್ತೇನೆ. ನನ್ನ ಮಾತು ಕೇಳುವುದಾದರೆ ಆ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಆ್ಯಪ್ ಒಳಗೊಳಗೆ ಏನು ಮಾಡುತ್ತಿದೆ ಅಂತ ಕಣ್ಣಿಗೆ ಕಾಣಿಸುವ ಟೂಲ್ ಮೊದಲು ಬೇಕು. ಉಳಿದವು ಅಗತ್ಯ ಬಿದ್ದಾಗ ತಾವಾಗಿಯೇ ಬರುತ್ತವೆ.

ಇನ್‌ಸ್ಟಾಲ್ ವಿಷಯ ಬೇಗ ಮುಗಿಸುತ್ತೇನೆ. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ರೂಬಿಯನ್ನು ನೇರವಾಗಿ ಅದರ ಮೇಲೆ ಹಾಕಬೇಡಿ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಹಾಕಿ, ಅದರೊಳಗೆ ಉಬುಂಟು ಲಿನಕ್ಸ್, ಅದರೊಳಗೆ ರೂಬಿ ವರ್ಷನ್ ನೋಡಿಕೊಳ್ಳುವ ಆರ್‌ಬಿಎನ್ವ್ ಮೂಲಕ ರೂಬಿ. ರೂಬಿ 3.2 ರಿಂದ ಈಚೆಗೆ ‘ಸೈಕ್’ (ಯಾಮಲ್ ಫೈಲ್ ಓದುವ ರೂಬಿಯ ಭಾಗ) ಬಿಲ್ಡ್ ಆಗಲಿಲ್ಲ ಅಂತ ಎರರ್ ಬರುವುದುಂಟು. ಮೊದಲು ಲಿಬ್‌ಯಾಮಲ್‌ನ ಡೆವ್ ಪ್ಯಾಕೇಜ್ ಹಾಕಿಕೊಂಡರೆ ಅದು ಬರುವುದಿಲ್ಲ. ಯಾವ ಜೆಮ್‌ನ ಯಾವ ವರ್ಷನ್ ಅಂತ ಬರೆದಿಡುವ ಜೆಮ್‌ಫೈಲ್ ಲಾಕ್ ಅನ್ನು ಗಿಟ್‌ಗೆ (ಕೋಡಿನ ಬದಲಾವಣೆ ದಾಖಲಿಸುವ ಟೂಲ್) ಸೇರಿಸಿ. ಅದಿಲ್ಲದಿದ್ದರೆ ನಿಮ್ಮ ಪ್ರಾಜೆಕ್ಟ್ ಜೊತೆಗಾರರ ಲ್ಯಾಪ್‌ಟಾಪಿನಲ್ಲಿ ಬೇರೆ ವರ್ಷನ್ ಬಂದು ಕೂರುತ್ತದೆ.

ಈಗ ಮುಖ್ಯ ವಿಷಯ. ಸರ್ವರ್ ಓಡುತ್ತಿರುವ ಟರ್ಮಿನಲ್ ಅನ್ನು ಮಿನಿಮೈಸ್ ಮಾಡಬೇಡಿ. ಬ್ರೌಸರ್ ಪಕ್ಕದಲ್ಲೇ ತೆರೆದಿಡಿ. ಸೀರೆಗಳ ಪಟ್ಟಿಯ ಪೇಜ್ ತೆರೆದಾಗ ಅಲ್ಲಿ ಏನು ಹರಿದು ಹೋಗುತ್ತದೆ ಅಂತ ನೋಡಿ. ಮೊದಲು ‘ಸ್ಯಾರಿ ಲೋಡ್’ ಅಂತ ಒಂದು ಸಾಲು. ಅದರ ಕೆಳಗೆ ‘ವೀವರ್ ಲೋಡ್’, ‘ವೀವರ್ ಲೋಡ್’, ‘ವೀವರ್ ಲೋಡ್’ ಅಂತ ಒಂದೇ ಥರದ ಸಾಲುಗಳು, ಕೊನೆಯ ಐಡಿ ಮಾತ್ರ ಬೇರೆ. ಇದಕ್ಕೇ ಎನ್ ಪ್ಲಸ್ ಒನ್ ಅನ್ನುವುದು. ಪೇಜಿನಲ್ಲಿ 50 ಸೀರೆ ಇದ್ದು, ಪ್ರತಿ ಸೀರೆಯ ಕೆಳಗೆ ಬೇರೆ ಬೇರೆ ನೇಕಾರರ ಹೆಸರು ತೋರಿಸಿದರೆ ಡೇಟಾಬೇಸಿಗೆ 51 ಸಲ ಹೋಗಿ ಬಂದ ಹಾಗೆ. ಕಂಟ್ರೋಲರ್‌ನಲ್ಲಿ (ಪೇಜಿಗೆ ಬೇಕಾದ ಡೇಟಾ ತರಿಸುವ ಕೋಡ್) ‘ಇನ್‌ಕ್ಲೂಡ್ಸ್’ ಹಾಕಿ ನೇಕಾರರನ್ನೂ ಒಟ್ಟಿಗೆ ತರಿಸಿಕೊಂಡರೆ ಎರಡೇ ಕ್ವೆರಿ, ಅಂದರೆ ಡೇಟಾಬೇಸಿಗೆ ಎರಡೇ ಪ್ರಶ್ನೆ, ಸಾಕು.

ಪ್ರತಿ ಕ್ವೆರಿಯ ಕೆಳಗೆ ಒಂದು ಬಾಣದ ಗುರುತು, ಅದರ ಮುಂದೆ ಫೈಲಿನ ಹೆಸರು, ಸಾಲಿನ ನಂಬರ್ ಇರುತ್ತದೆ. ಆ ಕ್ವೆರಿ ನಿಮ್ಮ ಕೋಡಿನ ಯಾವ ಸಾಲಿನಿಂದ ಹೊರಟಿತು ಅಂತ ಅದು ಹೇಳುತ್ತದೆ. ಎಷ್ಟೋ ಜನ ಅದನ್ನು ನೋಡುವುದೇ ಇಲ್ಲ. ನೋಡಿದರೆ ಅರ್ಧ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಕೊನೆಯಲ್ಲಿ ‘ಕಂಪ್ಲೀಟೆಡ್ 200’ ಅನ್ನುವ ಸಾಲಿನಲ್ಲಿ ವ್ಯೂಗೆ (ಪೇಜನ್ನು ಕಟ್ಟಿ ತೋರಿಸುವ ಭಾಗ) ಎಷ್ಟು ಹೊತ್ತು, ಡೇಟಾಬೇಸಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಬೇರೆ ಬೇರೆಯಾಗಿಯೇ ಬರೆದಿರುತ್ತದೆ. ಪೇಜ್ ನಿಧಾನ ಅಂದಾಗ ಮೊದಲು ಓದಬೇಕಾದ ಸಾಲು ಅದೇ.

ಈ ತೊಂದರೆ ಲ್ಯಾಪ್‌ಟಾಪಿನಲ್ಲಿ ಗೊತ್ತೇ ಆಗುವುದಿಲ್ಲ. ಶುರುವಿನ ಡೇಟಾ ತುಂಬಿಸುವ ಸೀಡ್ ಫೈಲಿನಲ್ಲಿ ಐದು ಸೀರೆ ಇರುತ್ತವೆ, ಡೇಟಾಬೇಸ್ ಪಕ್ಕದಲ್ಲೇ ಇರುತ್ತದೆ, ಎಲ್ಲಾ ಚಕ್ ಅಂತ ಬರುತ್ತದೆ. ಆದ್ದರಿಂದ ಸುಳ್ಳು ಡೇಟಾ ಹುಟ್ಟಿಸುವ ಫೇಕರ್ ಜೆಮ್ ಬಳಸಿ ಕೆಲವು ಸಾವಿರ ಸೀರೆ, ಆರ್ಡರ್ ತುಂಬಿಸಿಕೊಳ್ಳಿ. ಅದರ ಜೊತೆಗೆ ಎರಡು ಜೆಮ್ ಹಾಕಿ. ಬುಲೆಟ್, ಎನ್ ಪ್ಲಸ್ ಒನ್ ಕಂಡ ಕೂಡಲೇ ಎಚ್ಚರಿಸುತ್ತದೆ. ರ‍್ಯಾಕ್ ಮಿನಿ ಪ್ರೊಫೈಲರ್, ಪೇಜಿನ ಮೂಲೆಯಲ್ಲಿ ಮಿಲಿಸೆಕೆಂಡ್ ತೋರಿಸುತ್ತದೆ, ಅದರ ಮೇಲೆ ಒತ್ತಿದರೆ ಎಷ್ಟು ಕ್ವೆರಿ ಹೋದವು ಅಂತಲೂ ಕಾಣುತ್ತದೆ. ರೇಲ್ಸ್ 6.1 ರಿಂದ ‘ಸ್ಟ್ರಿಕ್ಟ್ ಲೋಡಿಂಗ್’ ಕೂಡ ಇದೆ. ಅದನ್ನು ಹಚ್ಚಿಟ್ಟರೆ ಮೊದಲೇ ತರಿಸಿಕೊಳ್ಳದ ದಾಖಲೆಯನ್ನು ವ್ಯೂ ಕೇಳಿದಾಗ ಎರರ್ ಕೊಡುತ್ತದೆ. ಕಲಿಯುವವರಿಗೆ ಇದು ಭಾಳ ಒಳ್ಳೆಯದು.

ಇನ್ನೊಂದು ವಿಷಯದ ಬಗ್ಗೆ ಸ್ವಲ್ಪ ಜಾಸ್ತಿನೇ ಬರೆಯುತ್ತೇನೆ, ಯಾಕಂದರೆ ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಇದು ಸಿಗುವುದಿಲ್ಲ. ನಿಮ್ಮ ಸೈಟಿನಲ್ಲಿ ಹೆಸರುಗಳು ಕನ್ನಡದಲ್ಲಿರುತ್ತವೆ, ಅಲ್ವಾ? ‘ಚಿಕ್ಕಿ ಪರಾಸ’, ‘ಗೋಮಿ ದಡಿ’, ‘ಟೋಪ ತೆನೆ ಸೆರಗು’ ಅಂತ. ಅಂಥ ಹೆಸರಿನಿಂದ ಯುಆರ್‌ಎಲ್ ಮಾಡಲು ‘ಪ್ಯಾರಾಮೆಟರೈಸ್’ ಕರೆದು ನೋಡಿ. ಖಾಲಿ ಸ್ಟ್ರಿಂಗ್ ಬರುತ್ತದೆ. ಅದು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಬಿಟ್ಟು ಮಿಕ್ಕದ್ದನ್ನೆಲ್ಲ ತೆಗೆದು ಹಾಕುತ್ತದೆ. ಸ್ಲಗ್ (ಯುಆರ್‌ಎಲ್‌ನಲ್ಲಿ ಬರುವ ಹೆಸರು) ಕಾಲಮಿಗೆ ಯುನೀಕ್ ವ್ಯಾಲಿಡೇಶನ್, ಅಂದರೆ ಒಂದೇ ಹೆಸರು ಎರಡು ಸಲ ಬರಬಾರದು ಅನ್ನುವ ನಿಯಮ, ಇದ್ದರೆ ಮೊದಲ ಸೀರೆ ಸೇವ್ ಆಗುತ್ತದೆ, ಎರಡನೆಯದು ‘ಈಗಾಗಲೇ ಇದೆ’ ಅಂತ ವಾಪಸ್ ಬರುತ್ತದೆ. ಇಂಗ್ಲಿಷ್ ಲಿಪಿಯ ಹೆಸರಿಗೆ ಬೇರೆ ಕಾಲಮ್ ಇಡಿ, ಇಲ್ಲವೇ ಯುಆರ್‌ಎಲ್‌ನಲ್ಲಿ ಐಡಿಯನ್ನೇ ಬಿಡಿ.

ಉದ್ದದ ಲೆಕ್ಕವೂ ಹಾಗೇ. ಕೋಡ್ ಬರೆದು ಕೂಡಲೇ ಉತ್ತರ ನೋಡುವ ರೇಲ್ಸ್ ಕನ್ಸೋಲಿನಲ್ಲಿ ‘ಬೆಳಗಾವಿ’ ಅಂತ ಕೊಟ್ಟು ಲೆಂಗ್ತ್ ಕೇಳಿ. 7 ಅನ್ನುತ್ತದೆ. ಗ್ರಾಫೀಮ್ ಕ್ಲಸ್ಟರ್ಸ್ (ಕಣ್ಣಿಗೆ ಕಾಣುವ ಅಕ್ಷರಗಳು) ಕೇಳಿದರೆ 4, ಬೈಟ್ ಕೇಳಿದರೆ 21. ಗುಣಿತದ ಚಿಹ್ನೆಯೂ ಒಂದು ಕ್ಯಾರೆಕ್ಟರ್ ಅಂತ ಎಣಿಸುವುದರಿಂದ ಹೀಗೆ. ಮೊದಲ 6 ಕ್ಯಾರೆಕ್ಟರ್ ಕತ್ತರಿಸಿದರೆ ‘ಬೆಳಗಾವ’ ಉಳಿಯುತ್ತದೆ. ಹೆಸರನ್ನು ಚಿಕ್ಕದು ಮಾಡಿ ತೋರಿಸಬೇಕಾದರೆ ಪೇಜಿನ ಅಂದಚೆಂದ ನೋಡಿಕೊಳ್ಳುವ ಸಿಎಸ್‌ಎಸ್‌ಗೆ ಬಿಡುವುದೇ ವಾಸಿ.

ಇದಕ್ಕಿಂತ ಕಾಡುವುದು ಹುಡುಕಾಟ. ‘ಬಾಗಲಕೋಟೆ’ಯ ‘ಕೋ’ ತಗೊಳ್ಳಿ. ಅದರ ಓಕಾರವನ್ನು ಒಂದೇ ಯೂನಿಕೋಡ್ ಚಿಹ್ನೆಯಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಡೇಟಾಬೇಸಿಗೆ ಮಾತ್ರ ಎರಡೂ ಬೇರೆ. ಗಿರಾಕಿ ಫೋನಿನಲ್ಲಿ ಟೈಪ್ ಮಾಡಿದ್ದು ಒಂದು ಥರ, ಅಂಗಡಿಯವರು ಹಳೆಯ ಫೈಲಿನಿಂದ ಕಾಪಿ ಮಾಡಿ ಹಾಕಿದ್ದು ಇನ್ನೊಂದು ಥರ ಆದರೆ, ಇರುವ ಸೀರೆಯೇ ‘ಸಿಗಲಿಲ್ಲ’ ಅಂತ ಬರುತ್ತದೆ. ಎರಡನ್ನೂ ಒಂದೇ ರೂಪಕ್ಕೆ ತರಲು ರೂಬಿಯಲ್ಲೇ ‘ಯೂನಿಕೋಡ್ ನಾರ್ಮಲೈಸ್’ ಅನ್ನುವ ಮೆಥಡ್ ಇದೆ. ರೇಲ್ಸ್ 7.1 ರಲ್ಲಿ ಬಂದ ‘ನಾರ್ಮಲೈಸಸ್’ ಬಳಸಿ ಮಾಡೆಲ್‌ನಲ್ಲಿ ಒಂದೇ ಸಾಲಿನಲ್ಲಿ ಇದನ್ನು ಸೇರಿಸಿ. ಹುಡುಕುವ ಪದಕ್ಕೂ ಅದನ್ನೇ ಮಾಡಿ. ಕಾಪಿ ಮಾಡಿದ ಪಠ್ಯದಲ್ಲಿ ಕಣ್ಣಿಗೆ ಕಾಣದ ಝೀರೋ ವಿಡ್ತ್ ಕ್ಯಾರೆಕ್ಟರ್ ಕೂಡ ಬರುತ್ತವೆ, ನಾರ್ಮಲೈಸ್ ಮಾಡಿದರೂ ಅವು ಹೋಗುವುದಿಲ್ಲ. ಮೂಲ ಹೆಸರಿನಿಂದ ಅವನ್ನು ತೆಗೆಯಬೇಡಿ, ಅಕ್ಷರದ ರೂಪವೇ ಬದಲಾಗಬಹುದು. ಹುಡುಕಾಟಕ್ಕೆ ಪ್ರತ್ಯೇಕ ಕಾಲಮ್ ಮಾಡಿ ಅಲ್ಲಿ ಮಾತ್ರ ತೆಗೆಯಿರಿ.

ಸಮಯದ ವಿಷಯದಲ್ಲಿ ಒಂದು ಎಚ್ಚರ. ರೇಲ್ಸ್ ತಾನಾಗಿ ಯುಟಿಸಿ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಹಿಡಿಯುತ್ತದೆ. ಕಾನ್ಫಿಗ್‌ನಲ್ಲಿ ಟೈಮ್ ಝೋನ್ ‘ಕೋಲ್ಕತಾ’ ಅಂತ ಹಾಕಿ. ಇಷ್ಟಾದ ಮೇಲೂ ‘ಡೇಟ್ ಟುಡೇ’ ಬರೆದರೆ ಅದು ಸರ್ವರ್ ಗಡಿಯಾರ ನೋಡುತ್ತದೆ. ಸರ್ವರ್ ಯುಟಿಸಿಯಲ್ಲಿದ್ದರೆ ನಮ್ಮ ಮಧ್ಯರಾತ್ರಿಯಿಂದ ಬೆಳಿಗ್ಗೆ 5:30 ರ ತನಕ ಬಂದ ಆರ್ಡರ್‌ಗಳಿಗೆ ನಿನ್ನೆಯ ತಾರೀಖು ಬೀಳುತ್ತದೆ. ‘ಡೇಟ್ ಕರೆಂಟ್’, ‘ಟೈಮ್ ಕರೆಂಟ್’ ಇವನ್ನೇ ರೂಢಿ ಮಾಡಿಕೊಳ್ಳಿ. ದುಡ್ಡಿಗೆ ಫ್ಲೋಟ್ (ದಶಾಂಶವನ್ನು ಅಂದಾಜಿನಲ್ಲಿ ಇಡುವ ಸಂಖ್ಯೆ) ಬೇಡವೇ ಬೇಡ. ರೂಬಿಯಲ್ಲಿ 0.1 ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಡೆಸಿಮಲ್ ಕಾಲಮ್ ಇಡಿ ಅಥವಾ ಪೈಸೆಯಲ್ಲಿ ಪೂರ್ಣ ಸಂಖ್ಯೆ ಇಡಿ. 1,23,456 ಅಂತ ನಮ್ಮ ಪದ್ಧತಿಯ ಅಲ್ಪವಿರಾಮ ಬೇಕಾದರೆ ‘ನಂಬರ್ ವಿತ್ ಡಿಲಿಮಿಟರ್’ಗೆ ಕೊಡುವ ಪ್ಯಾಟರ್ನ್ ರೇಲ್ಸ್ ದಾಖಲೆಗಳಲ್ಲೇ ಇದೆ, ಬೇರೆ ಜೆಮ್ ಬೇಕಾಗಿಲ್ಲ.

ಸೀರೆ ಅಂದ ಮೇಲೆ ಫೋಟೋ ಇರಲೇಬೇಕು. ದಡಿಯ ಎಳೆ ಕಾಣಬೇಕು ಅಂತ ಅಂಗಡಿಯವರು ದೊಡ್ಡ ದೊಡ್ಡ ಫೋಟೋ ಹಾಕುತ್ತಾರೆ. ಅದು ನ್ಯಾಯವೇ. ಪಟ್ಟಿಯ ಪೇಜಿಗೆ ರೇಲ್ಸ್‌ನಲ್ಲಿ ಫೈಲ್ ನೋಡಿಕೊಳ್ಳುವ ಆ್ಯಕ್ಟಿವ್ ಸ್ಟೋರೇಜ್‌ನ ವೇರಿಯಂಟ್ (ಅದೇ ಫೋಟೋದ ಬೇರೆ ಅಳತೆಯ ಪ್ರತಿ) ಬಳಸಿ ಚಿಕ್ಕ ಚಿತ್ರ ಕೊಡಿ, ಸೀರೆಯ ಪೇಜಿನಲ್ಲಿ ದೊಡ್ಡದು ಕೊಡಿ. ಫೋಟೋಗಳಿಂದಲೂ ಎನ್ ಪ್ಲಸ್ ಒನ್ ಬರುತ್ತದೆ. ಅದಕ್ಕೆ ‘ವಿತ್ ಅಟ್ಯಾಚ್ಡ್’ ಎಂದು ಶುರುವಾಗುವ ಸ್ಕೋಪ್ (ಹೆಸರಿಟ್ಟ ಸಿದ್ಧ ಕ್ವೆರಿ) ರೆಡಿಯಾಗಿಯೇ ಇದೆ. ಕ್ರೋಮ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ ವೇಗವನ್ನು 3ಜಿಗೆ ಇಳಿಸಿ ಒಮ್ಮೆ ನಿಮ್ಮ ಸೈಟ್ ತೆರೆದು ನೋಡಿ. ಹಳ್ಳಿಯಿಂದ ಫೋನಿನಲ್ಲಿ ನೋಡುವವರಿಗೆ ಹೇಗಿರುತ್ತದೆ ಅಂತ ತಿಳಿಯುತ್ತದೆ.

ಭದ್ರತೆಗೆ, ಕೋಡಿನಲ್ಲಿ ಅಪಾಯದ ಜಾಗ ಹುಡುಕುವ ಬ್ರೇಕ್‌ಮನ್ ಸಾಕು. ರೇಲ್ಸ್ 7.2 ರಿಂದ ಹೊಸ ಆ್ಯಪಿನಲ್ಲಿ ಅದೂ, ಕೋಡಿನ ಶೈಲಿ ನೋಡುವ ರೂಬೊಕಾಪ್ ಕೂಡ ಜೊತೆಗೇ ಬರುತ್ತವೆ. ಆ್ಯಪಿನ ಗುಟ್ಟಿನ ಪಾಸ್‌ವರ್ಡ್‌ಗಳನ್ನು ತೆರೆಯುವ ಮಾಸ್ಟರ್ ಕೀ ಫೈಲನ್ನು ಗಿಟ್‌ಹಬ್‌ಗೆ ಹಾಕಬೇಡಿ, ಪ್ರಾಜೆಕ್ಟ್ ಪ್ರೈವೇಟ್ ಇದ್ದರೂ ಬೇಡ. ನಿಜವಾದ ಡೇಟಾ ಇರುವಲ್ಲಿ ಸುಮ್ನೆ ಏನೋ ನೋಡಬೇಕಾದಾಗ ಕನ್ಸೋಲನ್ನು ಸ್ಯಾಂಡ್‌ಬಾಕ್ಸ್ ಮೋಡ್‌ನಲ್ಲಿ ತೆರೆಯಿರಿ. ಡೇಟಾಬೇಸಿನಲ್ಲಿ ಮಾಡಿದ ಬದಲಾವಣೆ ಹೊರಬರುವಾಗ ರದ್ದಾಗುತ್ತದೆ. ಡೀಬಗ್‌ಗೆ, ಅಂದರೆ ತಪ್ಪು ಹುಡುಕಲು, ಕೋಡಿನ ನಡುವೆ ‘ಬೈಂಡಿಂಗ್ ಐಆರ್‌ಬಿ’ ಬರೆದರೆ ಅಲ್ಲೇ ನಿಂತು ವೇರಿಯಬಲ್ ನೋಡಬಹುದು. ಟೆಸ್ಟ್ ಎಲ್ಲದಕ್ಕೂ ಬರೆಯಲು ನಿಮಗೆ ಹೊತ್ತಿರುವುದಿಲ್ಲ. ದುಡ್ಡು ಮತ್ತು ಸ್ಟಾಕ್ ಲೆಕ್ಕಕ್ಕಾದರೂ ಬರೆಯಿರಿ, ರೇಲ್ಸ್ ಜೊತೆಗೇ ಬರುವ ಟೆಸ್ಟ್ ಟೂಲ್ ಮಿನಿಟೆಸ್ಟ್ ಸಾಕು.

ಸೈಟನ್ನು ಆನ್‌ಲೈನ್ ಹಾಕಲು 2024 ರ ನವೆಂಬರಿನಲ್ಲಿ ಬಂದ ರೇಲ್ಸ್ 8 ತುಂಬಾ ಅನುಕೂಲ. ಹಿನ್ನೆಲೆ ಕೆಲಸಗಳಿಗೆ ಸಾಲಿಡ್ ಕ್ಯೂ ಇದೆ, ಅದು ಡೇಟಾಬೇಸಿನಲ್ಲೇ ನಡೆಯುತ್ತದೆ, ರೆಡಿಸ್ ಎಂಬ ಇನ್ನೊಂದು ಡೇಟಾ ಸರ್ವರ್ ಬೇಕಿಲ್ಲ. ಕಮಾಲ್ ಎಂಬ ಟೂಲ್ ಬಳಸಿ ಆ್ಯಪನ್ನು ಸಣ್ಣ ಬಾಡಿಗೆ ಸರ್ವರಿಗೆ ನೀವೇ ಕಳಿಸಬಹುದು; ಅದು ಆ್ಯಪನ್ನು ಡಾಕರ್ ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುತ್ತದೆ. ಒಂದು ಅಂಗಡಿಯ ವ್ಯಾಪಾರಕ್ಕೆ ಒಂದೇ ಫೈಲಿನಲ್ಲಿರುವ ಡೇಟಾಬೇಸ್ ಎಸ್‌ಕ್ಯೂಲೈಟ್ ಸಾಕು ಅಂತ ನನ್ನ ಅಭಿಪ್ರಾಯ, ಆದರೆ ಅದರ ಫೈಲನ್ನು ಕಂಟೇನರ್ ಹೊರಗೆ ಉಳಿಯುವ ಡಾಕರ್ ವಾಲ್ಯೂಮ್‌ನಲ್ಲೇ ಇಡಬೇಕು. ಇಲ್ಲದಿದ್ದರೆ ಮುಂದಿನ ಡಿಪ್ಲಾಯ್‌ಗೆ (ಹೊಸ ಕೋಡ್ ಸರ್ವರಿಗೆ ಕಳಿಸಿದಾಗ) ಹಳೆಯ ಕಂಟೇನರ್ ಜೊತೆಗೆ ಆರ್ಡರ್‌ಗಳೂ ಹೋಗುತ್ತವೆ. ದಿನಾ ರಾತ್ರಿ ಎಸ್‌ಕ್ಯೂಲೈಟ್‌ನ ಬ್ಯಾಕಪ್ ಕಮಾಂಡ್‌ನಿಂದ ಪ್ರತಿ ತೆಗೆದು ಬೇರೆ ಕಡೆ ಇಡಿ. ಆ ಪ್ರತಿಯನ್ನು ಒಮ್ಮೆ ನಿಮ್ಮ ಲ್ಯಾಪ್‌ಟಾಪಿಗೆ ತಂದು ತೆರೆಯಿರಿ, ಕೊನೆಯ ಆರ್ಡರ್ ಅದರಲ್ಲಿದೆಯೇ ನೋಡಿ. ಅಂಗಡಿಯವರಿಗೆ ಸೈಟ್ ಒಪ್ಪಿಸುವ ಮೊದಲೇ ಇದು ಆಗಿರಲಿ.