ಧ್ಯೇಯ ಹೇಳಿಕೆ (ಮಿಷನ್ ಸ್ಟೇಟ್‌ಮೆಂಟ್, ಅಂದರೆ ಸಂಸ್ಥೆ ಯಾವ ಉದ್ದೇಶಕ್ಕಾಗಿ ಇದೆ ಎಂದು ತಿಳಿಸುವ ಒಂದೆರಡು ಸಾಲು) ಬರೆದುಕೊಳ್ಳುವುದರಿಂದ ಸಂಸ್ಥೆಗೆ ನಿಜಕ್ಕೂ ಪ್ರಯೋಜನವಿದೆಯೇ?

ಇದೆ, ಆದರೆ ಆ ಹೇಳಿಕೆಯು ಸಂಸ್ಥೆ ಯಾವ ಕೆಲಸವನ್ನು ಕೈಬಿಡಬೇಕು ಎಂಬುದನ್ನೂ ತಿಳಿಸುವಷ್ಟು ನಿರ್ದಿಷ್ಟವಾಗಿದ್ದರೆ ಮಾತ್ರ. ಹಣವೂ ಸಮಯವೂ ಮಿತವಾಗಿರುವಾಗ ಎರಡು ಒಳ್ಳೆಯ ಕೆಲಸಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಪ್ರತಿ ಬಾರಿಯೂ ಮೇಲಧಿಕಾರಿಯನ್ನು ಕೇಳದೆ ಆ ಆಯ್ಕೆ ಮಾಡಲು ನೆರವಾಗುವುದೇ ಅದರ ಉಪಯೋಗ.

1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ಮಧುರೈನಲ್ಲಿ 11 ಹಾಸಿಗೆಗಳೊಂದಿಗೆ ಆರಂಭಿಸಿದ ಅರವಿಂದ್ ಕಣ್ಣಿನ ಆಸ್ಪತ್ರೆಯ ಧ್ಯೇಯ, ಅನಗತ್ಯ ಅಂಧತ್ವದ ನಿವಾರಣೆ. ಇಲ್ಲಿ ತೂಕವಿರುವುದು ‘ಅನಗತ್ಯ’ ಎಂಬ ಪದಕ್ಕೆ. ಕಣ್ಣಿನ ಪೊರೆಯಂತಹ, ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ಕುರುಡುತನವು ಬಡತನ ಮತ್ತು ದೂರದ ಕಾರಣದಿಂದಲೇ ಹಾಗೆಯೇ ಉಳಿದುಬಿಡುತ್ತದೆ. ಆದ್ದರಿಂದ ಹಳ್ಳಿಗಳಲ್ಲಿ ತಪಾಸಣಾ ಶಿಬಿರ ನಡೆಸುವುದೂ, ಆಮದಾಗುತ್ತಿದ್ದ ಪೊರೆ ತೆಗೆದ ಕಣ್ಣಿಗೆ ಅಳವಡಿಸುವ ದುಬಾರಿ ಕೃತಕ ಮಸೂರವನ್ನು 1992ರಿಂದ ತಮ್ಮದೇ ತಯಾರಿಕಾ ಘಟಕವಾದ ಆರೋಲ್ಯಾಬ್‌ನಲ್ಲಿ ತಾವೇ ಅಗ್ಗವಾಗಿ ತಯಾರಿಸುವುದೂ ಆ ಒಂದು ಪದದಿಂದ ಸಹಜವಾಗಿಯೇ ಹೊರಡುತ್ತವೆ.

ಯಾರೂ ವಿರೋಧಿಸಲಾಗದ ಪದಗಳಲ್ಲಿ ಅಪಾಯವಿದೆ. ಅಮೆರಿಕದ ಇಂಧನ ಕಂಪನಿ ಎನ್ರಾನ್ ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆಗಳನ್ನು ತನ್ನ ಮೌಲ್ಯಗಳೆಂದು ಸಾರಿಕೊಂಡಿತ್ತು. ಲೆಕ್ಕಪತ್ರದ ವಂಚನೆ ಬಯಲಾಗಿ 2001ರಲ್ಲಿ ದಿವಾಳಿಯಾಯಿತು. ಸಮಿತಿಯ ಪ್ರತಿಯೊಬ್ಬ ಸದಸ್ಯರನ್ನೂ ಮೆಚ್ಚಿಸಲು ಪದ ಸೇರಿಸುತ್ತ ಹೋದಾಗ ಹುಟ್ಟುವುದು ಇಂತಹ ಪಟ್ಟಿಯೇ. ಸಂಸ್ಥೆಯ ಹೆಸರನ್ನು ಅಳಿಸಿ ಪಕ್ಕದ ಬ್ಯಾಂಕಿನ ಹೆಸರು ಬರೆದರೂ ಹೇಳಿಕೆ ಹೊಂದಿಕೊಳ್ಳುವುದಾದರೆ, ಅದಕ್ಕೆ ಚೌಕಟ್ಟು ಹಾಕಿಸುವ ಖರ್ಚನ್ನಾದರೂ ಉಳಿಸಬಹುದು.