ಬಿ ಮೆಸಾನಿನಿಂದಲೇ ಹೊರಟ ಫೋಟಾನ್ ಇದು ಎಂದು ತಿಳಿಯುವುದು ಹೇಗೆ?

ಕಣಗಳನ್ನು ಅಳೆಯುವ ಡಿಟೆಕ್ಟರಿಗೆ ಬಂದು ಬೀಳುವ ಅಷ್ಟೊಂದು ಬೆಳಕಿನ ಕಣಗಳಲ್ಲಿ, ಅಂದರೆ ಫೋಟಾನ್‌ಗಳಲ್ಲಿ ಬಿ ಮೆಸಾನ್ ಎಂಬ, ಕ್ಷಣದಲ್ಲೇ ಒಡೆದುಹೋಗುವ ಭಾರವಾದ ಕಣದ ವಿಕಿರಣ ಕ್ಷಯದಿಂದ, ಅಂದರೆ ಅದು ಫೋಟಾನ್ ಸೂಸಿ ಒಡೆಯುವುದರಿಂದ, ಬಂದದ್ದು ಯಾವುದೆಂದು ಹೇಗೆ ಗುರುತಿಸುತ್ತಾರೆ ಎಂದು ಕೇಳಿದ್ದೀರಿ. ಚಿಕ್ಕಮಗಳೂರಿನ ಕಾಲೇಜೊಂದಕ್ಕೆ ಪಾಠ ಹೇಳಲು ಬರುವ ಮೊದಲು ಇಂಥದೇ ದತ್ತಾಂಶದೊಂದಿಗೆ ಕೆಲವು ವರ್ಷ ಹೆಣಗಿದವನು ನಾನು. ನೇರವಾಗಿ ಹೇಳುವುದಾದರೆ, ಒಂದು ಫೋಟಾನನ್ನು ಬೆರಳಿಟ್ಟು ತೋರಿಸಿ ಹಾಗೆನ್ನಲು ಯಾರಿಗೂ ಬರುವುದಿಲ್ಲ. ರಾಶಿಯಲ್ಲಿ ಅಂಥವು ಎಷ್ಟಿವೆ ಎಂದಷ್ಟೇ ಲೆಕ್ಕ ಕೊಡಬಹುದು.

ಬಿ ಮೆಸಾನ್ ಕೆ-ಸ್ಟಾರ್ ಎಂಬ ಹಗುರವಾದ ಮೆಸಾನ್ ಆಗಿ ಮಾರ್ಪಟ್ಟು ಒಂದು ಫೋಟಾನನ್ನು ಹೊರಸೂಸುವ ಕ್ಷಯವನ್ನೇ ತೆಗೆದುಕೊಳ್ಳಿ. 1993ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಕ್ಲಿಯೋ ಪ್ರಯೋಗದವರು ಇದನ್ನು ಮೊದಲು ಕಂಡರು. ಒಂದು ಲಕ್ಷ ಬಿ ಮೆಸಾನ್‌ಗಳಲ್ಲಿ ಸುಮಾರು ನಾಲ್ಕು ಮಾತ್ರ ಈ ದಾರಿ ಹಿಡಿಯುತ್ತವೆ. ಎರಡೇ ಕಣಗಳಾಗಿ ಒಡೆಯುವುದರಿಂದ, ಬಿ ನಿಶ್ಚಲವಾಗಿದ್ದರೆ ಫೋಟಾನಿನ ಶಕ್ತಿ 2.56 ಜಿಇವಿ (ನೂರು ಕೋಟಿ ಎಲೆಕ್ಟ್ರಾನ್-ವೋಲ್ಟ್ ಸೇರಿದರೆ ಒಂದು ಜಿಇವಿ) ಎಂದು ನಿಗದಿಯಾಗಿಬಿಡುತ್ತದೆ. ಜಪಾನಿನ ಬೆಲ್ ಪ್ರಯೋಗದಂತೆ ಎಲೆಕ್ಟ್ರಾನ್-ಪಾಸಿಟ್ರಾನ್ ಡಿಕ್ಕಿಯಲ್ಲಿ ಹುಟ್ಟುವ ಬಿ ಮೆಸಾನ್, ಡಿಕ್ಕಿಯ ದ್ರವ್ಯರಾಶಿ ಕೇಂದ್ರದೊಂದಿಗೆ ಚಲಿಸುತ್ತ ನೋಡಿದರೆ, ಬೆಳಕಿನ ವೇಗದ ಶೇಕಡ ಆರರಷ್ಟು ವೇಗದಲ್ಲಿ ಮಾತ್ರ ಚಲಿಸುವುದರಿಂದ ಆ ಮೌಲ್ಯ ಆಚೀಚೆ ಸ್ವಲ್ಪವೇ ಹರಡಿಕೊಳ್ಳುತ್ತದೆ. ಬೆಲ್‌ನಲ್ಲಿ ಅದನ್ನು ಅಳೆದದ್ದು ಸೀಸಿಯಂ ಅಯೋಡೈಡಿನ 8,736 ಹರಳುಗಳು. ಮೂವತ್ತು ಸೆಂಟಿಮೀಟರ್ ಉದ್ದದ ಹರಳಿನ ಹಿಂಬದಿಯಿಂದಲೂ ಒಂದಿಷ್ಟು ಶಕ್ತಿ ಸೋರಿಹೋಗುತ್ತದೆ. ಆದ್ದರಿಂದ ಶಕ್ತಿಯ ನಕ್ಷೆಯಲ್ಲಿ ಶಿಖರದ ಎಡಗಡೆಗೆ ಯಾವಾಗಲೂ ಒಂದು ಬಾಲ ಇರುತ್ತದೆ.

ನಿಜವಾದ ತೊಂದರೆ ಪೈ-ಸೊನ್ನೆ ಮೆಸಾನಿನದು. ಅದು ಎರಡು ಫೋಟಾನ್‌ಗಳಾಗಿ ಒಡೆಯುತ್ತದೆ. ಒಂದಕ್ಕೆ ಶಕ್ತಿಯೆಲ್ಲ ಹೋಗಿ ಇನ್ನೊಂದು ತೀರ ಬಡವಾಗಿ ತಪ್ಪಿಸಿಕೊಂಡರೆ, ಉಳಿದದ್ದು ನಮ್ಮ ಫೋಟಾನಿನ ಹಾಗೆಯೇ ಕಾಣುತ್ತದೆ. ಆದ್ದರಿಂದ ಅನುಮಾನದ ಫೋಟಾನನ್ನು ಅದೇ ಘಟನೆಯ ಉಳಿದ ಪ್ರತಿಯೊಂದು ಫೋಟಾನಿನೊಡನೆ ಜೋಡಿಸಿ ದ್ರವ್ಯರಾಶಿ ಲೆಕ್ಕಹಾಕುತ್ತೇವೆ. ಅದು ಪೈ-ಸೊನ್ನೆಯ ದ್ರವ್ಯರಾಶಿಯಾದ 135 ಎಂಇವಿಯ (ಎಂಇವಿ ಎಂದರೆ ಜಿಇವಿಯ ಸಾವಿರದಲ್ಲೊಂದು ಪಾಲು) ಆಸುಪಾಸಿಗೆ ಬಂದರೆ ತಳ್ಳಿಹಾಕುತ್ತೇವೆ. ಹೀಗೆ ತಳ್ಳುವಾಗ ಆಕಸ್ಮಿಕವಾಗಿ ಜೋಡಿ ಸಿಕ್ಕ ಒಳ್ಳೆಯವೂ ಹೋಗುತ್ತವೆ. ನಮ್ಮೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಜರಡಿಯ ಕಣ್ಣು ಬದಲಾಯಿಸಿದರೆ ಯಾವ ಬೀಜ ಎಷ್ಟು ಉದುರಿತೆಂದು ಕೆಳಗಿನ ರಾಶಿಯನ್ನು ತೂಗಿಯೇ ತಿಳಿಯಬಹುದು. ಇಲ್ಲಿ ಉದುರಿದ್ದು ಕಣ್ಣಿಗೆ ಕಾಣದು. ಅದಕ್ಕೊಂದು ಉಪಾಯವಿದೆ. ಬಿ ಮೆಸಾನ್ ಒಂದು ಡಿ ಮೆಸಾನ್ ಹಾಗೂ ವಿದ್ಯುದಾವೇಶವುಳ್ಳ ಒಂದು ಪಯಾನ್ ಎಂಬ ಬೇರೆ ಎರಡು ಕಣಗಳಾಗಿ ಒಡೆಯುವ, ಧಾರಾಳವಾಗಿ ಸಿಗುವ ಕ್ಷಯವನ್ನು ತೆಗೆದುಕೊಂಡು, ಆ ಪಯಾನನ್ನೇ ಫೋಟಾನ್ ಎಂದು ಭಾವಿಸಿ ಅದೇ ಜರಡಿ ಹಿಡಿದರೆ, ನಷ್ಟ ಎಷ್ಟೆಂದು ನಿಜವಾದ ದತ್ತಾಂಶದಿಂದಲೇ ತಿಳಿಯುತ್ತದೆ. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು.

ಇವೆಲ್ಲ ಆದ ಮೇಲೆ ಕೆ-ಸ್ಟಾರ್ ಮತ್ತು ಫೋಟಾನನ್ನು ಕೂಡಿಸಿ, ಅಳೆದ ಒಟ್ಟು ಶಕ್ತಿಯ ಬದಲು, ಡಿಕ್ಕಿಗೆ ಬಿಟ್ಟ ಎಲೆಕ್ಟ್ರಾನ್-ಪಾಸಿಟ್ರಾನ್ ಕಿರಣದ ನಿಖರವಾಗಿ ಗೊತ್ತಿರುವ ಶಕ್ತಿಯನ್ನೇ ಬಳಸಿ ದ್ರವ್ಯರಾಶಿ ಕಂಡುಹಿಡಿದರೆ, ಬಿ ಮೆಸಾನಿನ ದ್ರವ್ಯರಾಶಿಯಾದ 5.28 ಜಿಇವಿಯಲ್ಲಿ ಸಣ್ಣ ಶಿಖರವೊಂದು ಏಳುತ್ತದೆ. ಡಿಕ್ಕಿಯಲ್ಲಿ ಬಿ ಮೆಸಾನಿನ ಬದಲು ಇತರ ಹಗುರ ಕ್ವಾರ್ಕ್‌ಗಳು (ಮೆಸಾನಿನಂಥ ಕಣಗಳೊಳಗಿನ ಮೂಲಕಣಗಳು) ಹುಟ್ಟಿದ ಘಟನೆಗಳಿಂದ ಬಂದ ಹಿನ್ನೆಲೆ ಅದರ ಕೆಳಗೆ ಇಳಿಜಾರಾಗಿ ಹಾಸಿಕೊಂಡಿರುತ್ತದೆ. ಆ ಇಳಿಜಾರನ್ನು ಕಳೆದು ಉಳಿದದ್ದೇ ನಿಮ್ಮ ಪ್ರಶ್ನೆಯ ಫೋಟಾನ್‌ಗಳ ಸಂಖ್ಯೆ.

ಮೊದಲ ವರ್ಷ ನಾನು ಆ ಶಿಖರವನ್ನು ನೋಡುತ್ತಲೇ, ಅದು ಎದ್ದು ಕಾಣುವ ತನಕ ಜರಡಿಯನ್ನು ಬಿಗಿಮಾಡುತ್ತ ಹೋಗಿದ್ದೆ. ಮಾರ್ಗದರ್ಶಕರು ನಕ್ಷೆಯನ್ನು ಮಡಚಿ ಕೈಗಿಟ್ಟು, ಎಲ್ಲ ಮಿತಿಗಳನ್ನೂ ಸಿಮ್ಯುಲೇಷನ್, ಅಂದರೆ ಕಂಪ್ಯೂಟರಿನಲ್ಲಿ ಅನುಕರಿಸಿದ ಘಟನೆಗಳ ಮೇಲೆ ಮಾತ್ರ ನಿರ್ಧರಿಸಿ ಬಾ, ಆಮೇಲೆ ದತ್ತಾಂಶ ತೆರೆಯೋಣ ಎಂದರು. ಮೂರು ತಿಂಗಳ ನಂತರ ತೆರೆದಾಗ ಶಿಖರ ಮೊದಲಿಗಿಂತ ತಗ್ಗಾಗಿತ್ತು.